ಬ್ರೇಕ್ ಮೇಷ್ಟ್ರ ಒಂದು ಸುತ್ತು

ಎಲ್ಲ ಶುರುವಾಗಿದ್ದು ಬ್ಯಾಂಕಿನ ಹುಡುಗಿ ಕೇಳಿದ ಒಂದು ಪ್ರಶ್ನೆಯಿಂದ. ಶನಿವಾರ ಸಂಜೆ ಡ್ರೈವಿಂಗ್ ಪಾಠ ಮುಗಿಸಿ ಕಾರಿನಿಂದ ಇಳಿಯುತ್ತಾ, ಪಾಪ, ಯಾವ ದುರುದ್ದೇಶವೂ ಇಲ್ಲದೆ ಅವಳು ಕೇಳಿದಳು.

"ಸಾರ್, ನಿಮಗೆ ಕಾರು ಓಡಿಸೋಕೆ ಬರುತ್ತಾ?"

"ಏನಮ್ಮಾ ಹಂಗಂದ್ರೆ?"

"ಅಲ್ಲ ಸಾರ್, ನೀವು ಓಡಿಸಿದ್ದು ಯಾವತ್ತೂ ನೋಡೇ ಇಲ್ಲ. ಅದಕ್ಕೆ ಕೇಳ್ದೆ."

ಅವಳು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟುಹೋದಳು. ಬ್ರೇಕ್ ಮೇಷ್ಟ್ರು ಮಾತ್ರ ಕೂತಲ್ಲೇ ಉಳಿದರು. ಕೂತಿದ್ದೂ ಎಲ್ಲಿ? ಪಕ್ಕದ ಸೀಟಿನಲ್ಲಿ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಸ್ಟಿಯರಿಂಗ್ ಇರುವುದಿಲ್ಲ. ಆಕ್ಸಿಲರೇಟರ್ ಅಂತೂ ಕೇಳಲೇಬೇಡಿ. ಆ ಬ್ರೇಕನ್ನು ಒತ್ತಿ ಒತ್ತಿಯೇ ಮೇಷ್ಟ್ರ ಕೂದಲು ನೆರೆದಿತ್ತು. ಊರಿನ ಅರ್ಧ ಜನ ಅವರ ಕಾಲಿನ ದಯೆಯಿಂದ ಬದುಕಿದ್ದರು. ನಿದ್ದೆಯಲ್ಲೂ ಆ ಕಾಲು ಸುಮ್ಮನಿರುತ್ತಿರಲಿಲ್ಲ. ಮಂಚದ ಕೊನೆಗೆ ಹೆಂಡತಿ ಒಂದು ದಿಂಬು ಇಟ್ಟಿದ್ದಳು, ಒತ್ತಿಕೊಳ್ಳಲಿ ಅಂತ. ಟಾಪ್ ಗೇರಿನ ಬಗ್ಗೆ ಮೇಷ್ಟ್ರು ಶಿಷ್ಯರಿಗೆ ಸ್ವರ್ಗದ ಬಗ್ಗೆ ಹೇಳಿದ ಹಾಗೆ ಹೇಳುತ್ತಿದ್ದರು. ಇದೆಯಂತೆ, ನೋಡಿದವರು ಕಡಿಮೆ.

ಮನೆಗೆ ಬಂದವರೇ ಭಾವಮೈದನ ಮುಂದೆ ಕೂತರು. ಭಾವಮೈದ ಮೊಬೈಲ್ ಅಂಗಡಿಯಲ್ಲಿ ಕವರು ಮಾರುವವನು. ನೀರು ಕುಡಿಯೋದಕ್ಕೂ ಹೀರೋ ಎಂಟ್ರಿ ಕೊಟ್ಟು ಕುಡಿಯುವ ಗಿರಾಕಿ.

"ಒಂದೇ ಒಂದು ಸುತ್ತು ಕಣೋ," ಅಂದರು ಮೇಷ್ಟ್ರು. "ನಾನೇ ಓಡಿಸ್ಬೇಕು. ಪಕ್ಕದಲ್ಲಿ ಯಾರೂ ಇರ್ಬಾರ್ದು. ನಾಯಿ, ಸೈಕಲ್ಲು, ಸ್ಕೂಲ್ ಮಕ್ಕಳು ಯಾರೂ ಅಡ್ಡ ಬರ್ಬಾರ್ದು. ಟಾಪ್ ಗೇರ್ ಹಾಕ್ಬೇಕು. ಅಂಥ ಜಾಗ ಎಲ್ಲಾದ್ರೂ ಇದ್ಯೇನೋ?"

"ಭಾವ, ನೀವು ಹೂಂ ಅನ್ನಿ ಸಾಕು. ಮಿಕ್ಕಿದ್ದು ಈ ಹೆಬ್ಬೆರಳು ನೋಡ್ಕೊಳ್ಳುತ್ತೆ."

ಹೆಬ್ಬೆರಳು ಫೋನಿನ ಮೇಲೆ ಓಡಿತು. ಮೊದಲು ಸಿಕ್ಕಿದ್ದು ಕಾಲಲ್ಲಿ ಓಡುವವರ ಟ್ರ್ಯಾಕು. "ಬೊಜ್ಜು ಕರಗುತ್ತಂತೆ ಭಾವ." ಆಮೇಲೆ ಸಿಕ್ಕಿದ್ದು ಕುದುರೆಗಳದ್ದು. ಮೂರನೆಯದು ಸರಿಯಾಗಿಯೇ ಇತ್ತು, ಆದರೆ ಅಲ್ಲಿಗೆ ಹೋಗಲು ವೀಸಾ ಬೇಕಿತ್ತು. ನಾಲ್ಕನೆಯದರಲ್ಲಿ ಭಾಗವಹಿಸುವ ಕೋಟಿ ಬೆಲೆಯ ಕಾರುಗಳ ಫೋಟೋ ಹಾಕಿದ್ದರು. ಮೇಷ್ಟ್ರು ಫೋನನ್ನೇ ದೂರ ಹಿಡಿದು ನೋಡಿದರು, ಬೆರಳು ತಾಗಿ ಗೀಚಿದರೆ ಕಷ್ಟ ಅಂತ. ರಾತ್ರಿ ಊಟಕ್ಕೆ ಕರೆಯುವ ಹೊತ್ತಿಗೆ ಭಾವಮೈದ ಎದ್ದು ನಿಂತ.

"ಸಿಕ್ತು. ಊರಾಚೆ ರೇಸ್ ಟ್ರ್ಯಾಕು. ಹವ್ಯಾಸಿ ಚಾಲಕರ ದಿನ. ನಿಮ್ಮದೇ ಕಾರು ತನ್ನಿ. ಹೊಸಬರ ಪಕ್ಕ ತರಬೇತುದಾರರು ಕೂರ್ತಾರೆ. ಚೆನ್ನಾಗಿ ಓಡಿಸಿದವ್ರಿಗೆ ಕೊನೆಗೆ ಒಂಟಿ ಸುತ್ತು. ಭಾವ, ಒಂಟಿ ಸುತ್ತು. ನಾಳೆನೇ."

ಸ್ವಂತ ಕಾರು ಎಲ್ಲಿಂದ ಬರಬೇಕು? ಸ್ಕೂಲಿನ ಕಾರಿನ ಕೀಲಿ ಮೇಷ್ಟ್ರ ಹತ್ತಿರವೇ ಇರುತ್ತಿತ್ತು. ಸಂಜೆ ಬ್ಯಾಚಿಗೆ ಮುಂಚೆ ತಂದು ನಿಲ್ಲಿಸಿದರೆ ಓನರಿಗೆ ಗೊತ್ತಾಗಲ್ಲ. ಗೊತ್ತಾದರೆ ಕೆಲಸ ಇರಲ್ಲ. ಇಷ್ಟು ಸರಳ.

ಬೆಳಗ್ಗೆ ಮೇಷ್ಟ್ರು ಕದ್ದುಮುಚ್ಚಿ ಹೊರಡುವಾಗಲೇ ಕೆಳಮನೆ ಟೈಲರಮ್ಮ ಬಾಗಿಲಲ್ಲಿ ನಿಂತಿದ್ದರು.

"ಆ ಕಡೆನಾ ಹೋಗ್ತಿರೋದು? ಒಳ್ಳೇದಾಯ್ತು. ಈ ಫ್ಯಾನ್ ರಿಪೇರಿಗೆ ಕೊಟ್ಬಿಡಿ ಅಣ್ಣಾ."

"ಎಲ್ಲಿಗೆ ಹೋಗ್ತಿದ್ದೀನಿ ಅಂತ ನಾನು ಹೇಳೇ ಇಲ್ವಲ್ಲಮ್ಮ."

"ಯಾವ ಕಡೆ ಹೋದ್ರೂ ಒಬ್ಬ ಫ್ಯಾನ್ ರಿಪೇರಿಯವನು ಇರ್ತಾನೆ ಬಿಡಿ."

ಸೀಲಿಂಗ್ ಫ್ಯಾನು ಹಿಂದಿನ ಸೀಟಿನಲ್ಲಿ ರೆಕ್ಕೆ ಚಾಚಿ ಮಲಗಿತು. ಭಾವಮೈದ ಒಂದು ರೆಕ್ಕೆಯ ಕೆಳಗೆ ಕೂತ.

ಟ್ರ್ಯಾಕಿನ ಗೇಟಿನಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಒಂದೊಂದೂ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹಸಿದ ಹುಲಿಯ ಹಾಗೆ ಗುರುಗುಟ್ಟುತ್ತಿತ್ತು. ನಡುವೆ ಮೇಷ್ಟ್ರ ಬಿಳಿ ಕಾರು, ತಲೆ ಮೇಲೆ ಸ್ಕೂಲಿನ ಬೋರ್ಡು, ಬಾಗಿಲಿನ ಮೇಲೆ ವಿಳಾಸ, ಮೂತಿಗೆ ಕೆಂಪು 'ಎಲ್' ಅಂಟಿಸಿಕೊಂಡು, ತಪ್ಪಾಗಿ ಬೇರೆ ಮದುವೆಗೆ ಬಂದ ನೆಂಟನ ಹಾಗೆ ನಿಂತಿತ್ತು.

ಕಾರು ಪರೀಕ್ಷಿಸುವವನು ಚಕ್ರದ ಬೋಲ್ಟು ನೋಡಿದ, ಬ್ಯಾಟರಿ ಅಲ್ಲಾಡಿಸಿದ, ಹಿಂದಿನ ಬಾಗಿಲು ತೆಗೆದ.

"ಕಾರೊಳಗೆ ಬಿಡಿ ಸಾಮಾನು ಏನೂ ಇರ್ಬಾರ್ದು. ಈ ಫ್ಯಾನು ಇಳಿಸಿ. ಇವರನ್ನೂ ಇಳಿಸಿ."

ಭಾವಮೈದ ಇಳಿದ. ಅಲ್ಲಿಂದ ಸಂಜೆಯವರೆಗೂ ಅವನು ತೊಡೆ ಮೇಲೆ ಫ್ಯಾನಿಟ್ಟುಕೊಂಡು ಗ್ಯಾಲರಿಯಲ್ಲಿ ಕೂತಿದ್ದ. ಏನೋ ದೊಡ್ಡ ತಂಡದ ಮೆಕ್ಯಾನಿಕ್ ಇರಬೇಕು ಅಂತ ಜನ ಅವನಿಗೆ ದಾರಿ ಬಿಡುತ್ತಿದ್ದರು.

ಪರೀಕ್ಷಿಸುವವನು ಪಕ್ಕದ ಸೀಟಿನ ಕೆಳಗೆ ಬಗ್ಗಿದವನು ಮೇಲೇಳಲೇ ಇಲ್ಲ. "ಇಲ್ಲೂ ಒಂದು ಬ್ರೇಕ್ ಇದೆ ಕಣ್ರೋ," ಎಂದು ಮೆಲ್ಲಗೆ ಹೇಳಿದ.

ಅಷ್ಟು ಸಾಕಾಯಿತು. ಟ್ರ್ಯಾಕಿನ ತರಬೇತುದಾರರೆಲ್ಲ ಓಡಿ ಬಂದರು. ಅವರ ಪಾಡು ಅವರಿಗೇ ಗೊತ್ತು. ವಾರವಿಡೀ ಕಚೇರಿಯಲ್ಲಿ ಬೈಸಿಕೊಂಡ ಮಂದಿ ಭಾನುವಾರ ಬಂದು ಸಿಟ್ಟನ್ನೆಲ್ಲ ಆಕ್ಸಿಲರೇಟರ್ ಮೇಲೆ ತೀರಿಸಿಕೊಳ್ಳುವಾಗ, ಪಕ್ಕದಲ್ಲಿ ಬ್ರೇಕಿಲ್ಲದೆ ಬರೀ ನೆಲ ಒತ್ತುತ್ತಾ ಕೂತಿರುವ ಬದುಕು ಅವರದು. ಒಬ್ಬನಂತೂ ಆ ಪೆಡಲನ್ನು ಕೈಯಲ್ಲಿ ಸವರಿ ನೋಡಿದ.

"ನಾನು ಇವರ ಜೊತೆ ಹೋಗ್ತೀನಿ." "ಹೋದ ವಾರ ಗೋಡೆಗೆ ಗುದ್ದಿಸ್ಕೊಂಡಿದ್ದು ನಾನು, ನಂಗೆ ಕೊಡಿ." ಜಗಳ ಜೋರಾಗುವಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು. "ಎಲ್ಲಾ ಸೈಡಿಗೆ."

ಎಲ್ಲ ಸೈಡಿಗೆ ಹೋದರು. ಬಂದವಳು ಮೂವತ್ತರ ಆಸುಪಾಸಿನ ಹೆಂಗಸು, ತರಬೇತುದಾರರ ಮುಖ್ಯಸ್ಥೆ. ಅವಳನ್ನು ಅಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ರಾಕೆಟ್ ಅಂತ. ಅಪ್ಪ ಇದೇ ಟ್ರ್ಯಾಕಿನ ಕಾವಲುಗಾರ, ಮನೆ ಟ್ರ್ಯಾಕಿನ ಒಳಗೇ, ಹುಡುಗಿಯಾಗಿದ್ದಾಗಿನಿಂದ ಅವಳನ್ನು ಇಲ್ಲಿ ಯಾರೂ ಹಿಂದೆ ಹಾಕಿದ್ದಿಲ್ಲ.

"ನಮಸ್ಕಾರ ಸಾರ್. ನಿಯಮ ಒಂದೇ," ಅಂದಳು ಪಕ್ಕದ ಸೀಟಿನಲ್ಲಿ ಕೂತು. "ಮುಂದಿನ ಕಾರನ್ನ ನೀವಾಗೇ ಹಿಂದೆ ಹಾಕೋ ಹಂಗಿಲ್ಲ. ಅವ್ರು ಕಿಟಕಿಯಿಂದ ಕೈ ತೋರ್ಸಿ ಹೋಗು ಅಂದ್ರೆ ಮಾತ್ರ. ಹಿಂದೆ ಬಂದವ್ರಿಗೆ ನೀವೂ ಹಂಗೇ ಕೈ ತೋರಿಸ್ಬೇಕು. ಹೊರಡೋಣ್ವಾ?"

ಮೇಷ್ಟ್ರು ಭಾವಮೈದನ ಹೆಲ್ಮೆಟ್ ಹಾಕಿಕೊಂಡರು. ಅದರ ಹಣೆ ಮೇಲೆ ತಲೆಬುರುಡೆಯ ಸ್ಟಿಕ್ಕರ್ ಇತ್ತು. ಮೊದಲನೇ ಗೇರು. ಎರಡು. ಮುಂದೆ ಖಾಲಿ ರಸ್ತೆ, ಉದ್ದಕ್ಕೆ, ಇಸ್ತ್ರಿ ಮಾಡಿದ ಹಾಗೆ. ಮೇಷ್ಟ್ರ ಎದೆಯಲ್ಲಿ ಹಿನ್ನೆಲೆ ಸಂಗೀತ ಶುರುವಾಯಿತು. ಮೂರನೇ ಗೇರಿಗೆ ಕೈ ಹಾಕಿದರು.

ಕಾರು ಗಕ್ಕನೆ ನಿಂತಿತು.

"ಏನಮ್ಮಾ ಆಯ್ತು?"

"ಏನಿಲ್ಲ ಸಾರ್," ಅಂದಳು ರಾಕೆಟ್, ಮುಖ ಅರಳಿಸಿಕೊಂಡು. "ಕೆಲಸ ಮಾಡುತ್ತಾ ಅಂತ ನೋಡ್ದೆ."

ಕೆಲಸ ಮಾಡುತ್ತಿತ್ತು. ಅಲ್ಲಿಂದ ಮುಂದೆ ಅವಳು ಪ್ರತಿ ತಿರುವಿನಲ್ಲೂ ಒತ್ತಿದಳು. ತಿರುವು ಬರುವ ಮುಂಚೆ ಒತ್ತಿದಳು, ತಿರುವು ಹೋದ ಮೇಲೆ ನೆನಪಿಗೆ ಅಂತ ಒತ್ತಿದಳು. "ಇಷ್ಟು ವರ್ಷ ಬರೀ ಬಾಯಲ್ಲಿ ಬ್ರೇಕ್ ಹಾಕ್ತಿದ್ದೆ ಸಾರ್. ಎಂಥಾ ಸುಖ ಇದು. ನಿಮಗೆ ದಿನಾ ಸಿಗುತ್ತಲ್ಲಾ, ಪುಣ್ಯವಂತರು."

ಹಿಂದಿನಿಂದ ಬಂದ ಹುಲಿಗಳಿಗೆಲ್ಲ ಮೇಷ್ಟ್ರು ಕಿಟಕಿಯಿಂದ ಕೈ ತೋರಿಸಿದರು. ಒಂದು, ಎರಡು, ಹತ್ತು. ಕೊನೆಗೆ ಕೈ ಒಳಗೆ ತೆಗೆದುಕೊಳ್ಳುವುದನ್ನೇ ಬಿಟ್ಟರು. ಬಟ್ಟೆ ಒಣಹಾಕಿದ ಹಾಗೆ ಅದು ಹೊರಗೇ ತೂಗುತ್ತಿತ್ತು. ಗ್ಯಾಲರಿಯಿಂದ ಭಾವಮೈದ ಫ್ಯಾನಿನ ರೆಕ್ಕೆ ಎತ್ತಿ ಬೀಸುತ್ತಿದ್ದ.

ಊಟದ ವಿರಾಮಕ್ಕೆ ಕಾರು ನಿಲ್ಲಿಸಿದಾಗ ಮೇಷ್ಟ್ರಿಗೆ ಸುಸ್ತಾಗಿತ್ತು. ಮೂರನೇ ಗೇರು ಇನ್ನೂ ದೂರದ ಸಂಬಂಧಿಯಾಗಿಯೇ ಉಳಿದಿತ್ತು.

"ಅಮ್ಮಾ, ಒಂಟಿ ಸುತ್ತು ಸಿಗುತ್ತಾ ನಂಗೆ?"

ರಾಕೆಟ್ ಅತ್ತಿತ್ತ ನೋಡಿದಳು. ದನಿ ತಗ್ಗಿಸಿದಳು. ಅವಳ ಮುಖದಲ್ಲಿ ಮೇಷ್ಟ್ರಿಗೆ ಚೆನ್ನಾಗಿ ಪರಿಚಯವಿದ್ದ ಏನೋ ಒಂದು ಕಂಡಿತು. ಹೊಸದಾಗಿ ಸೇರುವವರ ಮುಖದಲ್ಲಿ ಮೊದಲ ದಿನ ಇರುತ್ತದಲ್ಲ, ಅದು.

"ಕೊಡಿಸ್ತೀನಿ ಸಾರ್. ಮಧ್ಯಾಹ್ನ ಮೊದಲನೇ ಸುತ್ತೇ ನಿಮ್ಮದು, ಒಬ್ರೇ. ಆದ್ರೆ ನಂಗೊಂದು ಸಹಾಯ ಮಾಡ್ಬೇಕು. ಯಾರಿಗೂ ಹೇಳ್ಬಾರ್ದು. ನಾಳೆ ನಂಗೆ ಲೈಸೆನ್ಸ್ ಟೆಸ್ಟಿದೆ."

"ಯಾವ ಲೈಸೆನ್ಸು? ವಿಮಾನದ್ದಾ?"

"ಕಾರಿಂದು ಸಾರ್. ನಾಲ್ಕು ಸಲ ಫೇಲಾಗಿದ್ದೀನಿ."

ಮೇಷ್ಟ್ರು ಹೆಲ್ಮೆಟ್ ತೆಗೆದರು, ಸರಿಯಾಗಿ ಕೇಳಿಸಲಿ ಅಂತ.

"ಗೇಟಿನ ಒಳಗೆ ಲೈಸೆನ್ಸ್ ಯಾರೂ ಕೇಳಲ್ಲ ಸಾರ್. ಹೊರಗೆ ನಾನು ಬಸ್ಸಲ್ಲೇ ಓಡಾಡೋದು. ರಸ್ತೆ ಅಂದ್ರೆ ಕೈಕಾಲು ನಡುಗುತ್ತೆ."

"ಅಲ್ಲಮ್ಮಾ, ಇಲ್ಲಿ ಆ ಸ್ಪೀಡಲ್ಲಿ ಹಾರ್ತೀಯಾ, ರಸ್ತೇಲಿ ಏನಾಗುತ್ತೆ?"

"ಇಲ್ಲಿ ಎಲ್ಲಾ ಒಂದೇ ಕಡೆಗೆ ಹೋಗ್ತಾರೆ," ಅಂದಳು ರಾಕೆಟ್. "ರಸ್ತೇಲಿ ಎದುರುಗಡೆಯಿಂದಾನೂ ಬರ್ತಾರಲ್ಲ ಸಾರ್."

ಮೇಷ್ಟ್ರು ಯೋಚಿಸಿದರು. ಊಟದ ಹೊತ್ತಲ್ಲಿ ಗೇಟಿನಿಂದಾಚೆ ಒಂದಿಷ್ಟು ದೂರ ಹೋಗಿ ಬಂದರಾಯಿತು. ಬದಲಿಗೆ ಒಂಟಿ ಸುತ್ತು. ಮೂರನೇ ಗೇರು, ನಾಲ್ಕನೇ ಗೇರು, ಪಕ್ಕದಲ್ಲಿ ಬರೀ ಗಾಳಿ. ರಾಕೆಟ್ ಓಡಿಹೋಗಿ ಒಂಟಿ ಸುತ್ತಿನ ಪಟ್ಟಿಯಲ್ಲಿ ಅವರ ನಂಬರ್ ಬರೆಸಿ ಬಂದಳು. ಮೇಷ್ಟ್ರು ಎದ್ದು ಹೋಗಿ ಪಕ್ಕದ ಸೀಟಿನಲ್ಲಿ ಕೂತರು. ಯಾಕೋ ಏನೋ, ಮತ್ತೆ ಹೆಲ್ಮೆಟ್ ಹಾಕಿಕೊಂಡರು.

ಗೇಟು ದಾಟಿದ್ದೇ ತಡ, ರಾಕೆಟ್ ನಂದಿಹೋದಳು. ಸ್ಟಿಯರಿಂಗನ್ನು ಅಪ್ಪಿಕೊಂಡು ಕೂತಳು. ಮೇಷ್ಟ್ರು ಅಭ್ಯಾಸಬಲದಿಂದ ಬ್ರೇಕಿಗೆ ಕಾಲಿಟ್ಟರು. ಒತ್ತೋಣ ಅಂದರೆ ವೇಗವೇ ಇರಲಿಲ್ಲ. ಮುಂದೆ ಒಂದು ನೀರಿನ ಟ್ಯಾಂಕರ್ ಸೊಂಟ ನೋವಿದ್ದವರ ಹಾಗೆ ಹೋಗುತ್ತಿತ್ತು.

"ಅದನ್ನ ದಾಟಮ್ಮಾ."

"ಅವ್ರು ಕೈ ತೋರಿಸಿಲ್ವಲ್ಲ ಸಾರ್."

"ಇಲ್ಲಿ ಯಾರೂ ತೋರ್ಸಲ್ಲ ತಾಯಿ. ದಾಟು, ಒತ್ತು, ಆಕ್ಸಿಲರೇಟರ್ ಒತ್ತು." ಈ ಮಾತು ತಮ್ಮ ಬಾಯಿಂದ ಬಂದಿದ್ದು ಕೇಳಿ ಮೇಷ್ಟ್ರಿಗೇ ಗಾಬರಿಯಾಯಿತು.

ವಾಪಸ್ ತಿರುಗಿಸೋಣ ಎಂದರೆ ಎದುರುಗಡೆ ಬರುವವರನ್ನು ದಾಟಬೇಕಲ್ಲ. ಡಿವೈಡರಿನ ಸಂದಿ ಬಂದಾಗಲೆಲ್ಲ ಅವಳು "ಮುಂದಿಂದು, ಮುಂದಿಂದು" ಅನ್ನುತ್ತಾ ನೇರ ಹೋದಳು. ಪಕ್ಕಕ್ಕೆ ನಿಲ್ಲಿಸೋಣ ಎಂದರೆ ಪಕ್ಕವೇ ಇರಲಿಲ್ಲ. ಒಂದು ಕಡೆ ಡಿವೈಡರು, ಇನ್ನೊಂದು ಕಡೆ ಅಗೆದಿಟ್ಟ ಚರಂಡಿ. ಹಿಂದೆ ಹಾರ್ನುಗಳ ಮೆರವಣಿಗೆ. ಒಬ್ಬ ಸೈಕಲ್ಲಿನವನು ದಾಟಿಹೋಗುತ್ತಾ ಹೆಲ್ಮೆಟ್ಟಿನ ತಲೆಬುರುಡೆಯನ್ನು ನೋಡಿ ಬೇಗ ಬೇಗ ತುಳಿದ. ಹೀಗೇ ತೆವಳುತ್ತಾ ಊರೇ ಬಂದುಬಿಟ್ಟಿತು. ಮೊದಲ ಸಿಗ್ನಲ್ಲಿನಲ್ಲಿ ಕೆಂಪು ದೀಪ, ಕಾರು ನಿಂತಿತು.

"ಸಾಕಮ್ಮಾ," ಅಂದರು ಮೇಷ್ಟ್ರು ಬೆವರು ಒರೆಸಿಕೊಂಡು. "ಇಲ್ಲೇ ಸೀಟು ಬದಲಾಯಿಸೋಣ. ನಾನು ಆ ಕಡೆ ಬರ್ತೀನಿ, ನೀನು ಈ ಕಡೆ ಸರ್ಕೋ."

ಬಾಗಿಲು ತೆಗೆದು ಇಳಿದರು, ಬಾಗಿಲು ಹಾಕಿದರು, ಕಾರಿನ ಹಿಂದಿನಿಂದ ಸುತ್ತು ಹಾಕಿ ಬರತೊಡಗಿದರು. ಅರ್ಧ ಸುತ್ತು ಬರುವಷ್ಟರಲ್ಲಿ ದೀಪ ಹಸಿರಾಯಿತು.

ರಸ್ತೆ ಅಂದರೆ ರಾಕೆಟ್‌ಗೆ ಭಯ, ನಿಜ. ಆದರೆ ಹಸಿರು ದೀಪ ಕಂಡರೆ ಅವಳ ಕಾಲು ಅವಳನ್ನು ಕೇಳುತ್ತಿರಲಿಲ್ಲ. ಟೈರು ಕಿರುಚಿತು, ಹೊಗೆ ಎದ್ದಿತು. ಪಕ್ಕದ ಸಾಲಿನಲ್ಲಿ ನಿಂತಿದ್ದ ಟ್ಯಾಂಕರಿನವನು ಕನ್ನಡಿ ನೋಡಿಕೊಂಡು ಮೈ ಮುದುಡಿದ. ಹೊಗೆ ಚದುರಿದಾಗ ರಸ್ತೆ ನಡುವೆ ಮೇಷ್ಟ್ರು ಒಬ್ಬರೇ ನಿಂತಿದ್ದರು. ಅವರ ಕಾರು ಮೂರನೇ ಗೇರಿಗೆ ಬಿದ್ದ ಸದ್ದು ದೂರದಿಂದ ಕೇಳಿಸಿತು. ಆಮೇಲೆ ನಾಲ್ಕನೆಯದು.

ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಭಾವ, ಎಲ್ಲಿದ್ದೀರಾ? ಮೈಕಲ್ಲಿ ನಿಮ್ಮ ನಂಬರ್ ಕೂಗ್ತಿದ್ದಾರೆ. ಒಂಟಿ ಸುತ್ತು, ನೀವೇ ಫಸ್ಟು. ಟ್ರ್ಯಾಕ್ ಪೂರ್ತಿ ಖಾಲಿ, ನಿಮಗೋಸ್ಕರ ಕಾಯ್ತಿದೆ."

ಮೇಷ್ಟ್ರು ಫೋನು ಇಟ್ಟು ಬಸ್ಸು ಹತ್ತಿದರು. ಕೂರಲು ಜಾಗ ಇರಲಿಲ್ಲ. ಇನ್ನೇನು, ಕೆಲಸ ಹೋಯಿತು. ಕಾರು ಯಾವ ಗೋಡೆಯಲ್ಲಿದೆಯೋ, ಆ ಹುಡುಗಿ ಯಾವ ಆಸ್ಪತ್ರೆಯಲ್ಲಿದ್ದಾಳೋ. ಓನರಿಗೆ ಹೇಳುವ ಮಾತನ್ನು ದಾರಿಯುದ್ದಕ್ಕೂ ಕಟ್ಟಿದರು, ಕೆಡವಿದರು. ಸ್ಕೂಲಿನ ಸ್ಟಾಪಿನಲ್ಲಿ ಇಳಿದವರು ಅಲ್ಲೇ ಕಣ್ಣುಜ್ಜಿಕೊಂಡರು.

ಸ್ಕೂಲಿನ ಮುಂದೆ ಕಾರು ನಿಂತಿತ್ತು. ಗೆರೆ ಎಳೆದ ಹಾಗೆ, ಒಂದು ಗೀಚೂ ಇಲ್ಲದೆ. ಒಳಗೆ ರಾಕೆಟ್ ಕಾಲ ಮೇಲೆ ಕಾಲು ಹಾಕಿಕೊಂಡು ಟೀ ಕುಡಿಯುತ್ತಿದ್ದಳು. ಎದುರಿಗೆ ಓನರ್, ಬಾಯಿ ತುಂಬಾ ನಗು.

"ಬಾಗಿಲ ಮೇಲಿದ್ದ ವಿಳಾಸ ಕೇಳ್ಕೊಂಡು ಬಂದೆ ಸಾರ್," ಅಂದಳು. "ಪಕ್ಕದಲ್ಲಿ ನೀವಿಲ್ಲ ಅಂತ ಗೊತ್ತಾದ್ ಮೇಲೆ ಭಯನೇ ಹೋಯ್ತು. ಎದುರುಗಡೆಯವ್ರನ್ನ ದಾಟೋ ಕಡೆ ಹೋಗ್ಲೇ ಇಲ್ಲ, ಒಂದೇ ಕಡೆಗೆ ತಿರುಗ್ತಾ ತಿರುಗ್ತಾ ಬಂದ್ಬಿಟ್ಟೆ."

"ಸಾರ್," ಎಂದು ಮೇಷ್ಟ್ರು ಓನರ್ ಕಡೆ ತಿರುಗಿ ಕೈ ಮುಗಿದರು. "ಕೇಳ್ದೆ ಕಾರು ತಗೊಂಡು ಹೋಗಿದ್ದು ತಪ್ಪೇ. ಏನ್ ಬೇಕಾದ್ರೂ ಮಾಡಿ."

"ಮಾಡಿ ಆಯ್ತು ಮೇಷ್ಟ್ರೇ," ಅಂದರು ಓನರ್. "ಈ ಮೇಡಮ್ ಎಲ್ಲಾ ಹೇಳಿದ್ರು. ಆ ಟ್ರ್ಯಾಕಿನವ್ರ ಜೊತೆ ಫೋನಲ್ಲೇ ಮಾತು ಮುಗೀತು. ಇನ್ಮೇಲೆ ಪ್ರತಿ ಭಾನುವಾರ ನಮ್ಮ ಕಾರು ಅಲ್ಲಿಗೇ ಬಾಡಿಗೆ. ಅದ್ರ ಜೊತೆ ನೀವು."

ಮೇಷ್ಟ್ರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. "ಪ್ರತಿ ಭಾನುವಾರನಾ ಸಾರ್? ನಾನಾ? ಟ್ರ್ಯಾಕಲ್ಲಾ?"

"ಇನ್ಯಾರು ಮತ್ತೆ? ರಿಟೈರ್ ಆಗೋವರೆಗೂ ನೀವೇ."

"ಹಂಗಾದ್ರೆ ಸಾರ್, ದಿನಕ್ಕೆ ಒಂದೇ ಒಂದು ಸುತ್ತು, ನಾನು..."

"ಛೆ ಛೆ," ಎಂದು ಓನರ್ ಅವರ ಭುಜ ತಟ್ಟಿದರು. "ಓಡಿಸೋಕೆ ಅಲ್ಲಿ ಜನ ಸಾಲುಗಟ್ಟಿ ನಿಂತಿದ್ದಾರಂತೆ. ಈ ವಯಸ್ಸಲ್ಲಿ ನಿಮಗ್ಯಾಕೆ ಆ ರಿಸ್ಕು. ನೀವು ಬ್ರೇಕ್ ನೋಡ್ಕೊಳ್ಳಿ."