ಮೈನಸ್ ಅರ್ಧ ಕಿಲೋ ಪೇಡೆ

ಒಮ್ಮೆ ಬರೆದದ್ದನ್ನು ಇನ್ನೊಮ್ಮೆ ಬರೆಯುವುದು ನನ್ನಿಂದಾಗದು. ಮನೆಯವರು ಇದನ್ನು ಸೋಮಾರಿತನ ಎನ್ನುತ್ತಾರೆ, ನಾನು ಸಿದ್ಧಾಂತ ಎನ್ನುತ್ತೇನೆ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ರಾಣೆಬೆನ್ನೂರಿನ ಸಣ್ಣ ಆಫೀಸೊಂದರಲ್ಲಿ ಕೂತು ಅಂಗಡಿಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಬರೆಯುತ್ತಿದ್ದೆ. ನಮ್ಮ ಮಾಲೀಕ ಬಸಣ್ಣನವರ ಪದ್ಧತಿಯೇ ಬೇರೆ: ಹೊಸ ಗಿರಾಕಿ ಬಂದರೆ ಹಳೆಯ ಗಿರಾಕಿಯ ಕೋಡನ್ನು ಇಡಿಯಾಗಿ ನಕಲು ಮಾಡಿ ಹೆಸರು ಬದಲಿಸುವುದು. ಒಮ್ಮೆ ಬದಲಿಸಲು ಮರೆತು, ಔಷಧಿ ಅಂಗಡಿಯ ಬಿಲ್ಲಿನ ಮೇಲೆ ಗೊಬ್ಬರದಂಗಡಿಯ ಹೆಸರು ಬಂದಿತ್ತು. ಆಮೇಲೆ ನಾನು ಹಟ ಹಿಡಿದು, ತೂಕದ ಲೆಕ್ಕ, ಬಿಲ್ಲಿನ ಮುದ್ರಣ ಎಲ್ಲವನ್ನೂ ಒಂದೇ ಫೈಲಿನಲ್ಲಿ ಬರೆದಿಟ್ಟೆ. ಯಾವ ಅಂಗಡಿಯ ಪ್ರೋಗ್ರಾಂ ಆದರೂ ಬೇಕಾದ ಲೆಕ್ಕವನ್ನು ಹೆಸರು ಹಿಡಿದು ಕರೆದರೆ ಸಾಕು, ಅದು ಬಂದು ಕೆಲಸ ಮುಗಿಸಿಕೊಡುತ್ತಿತ್ತು. ನಮ್ಮ ಮನೆಯಲ್ಲಿ ಹಾಗೆ ಒಂದೇ ಕೂಗಿಗೆ ಬರುವವರು ಇಂದಿಗೂ ಯಾರೂ ಇಲ್ಲ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು, "ತೂಕದಾಗ ಚೀಲದ್ದು ಒಂದು ಕಿಲೋ ಕಳೀಬೇಕ್ರಿ" ಎಂದರು. ಕಳೆದೆ. ಫೈಲು ಎಲ್ಲರಿಗೂ ಒಂದೇ ಎಂಬ ಹೆಮ್ಮೆಯಲ್ಲಿ ಹೊಸ ಸಿಡಿಯನ್ನು ಎಲ್ಲ ಅಂಗಡಿಗಳಿಗೂ ಹಾಕಿ ಬಂದೆ. ಮರುದಿನ ಹಾವೇರಿಯಿಂದ ಮಿಠಾಯಿ ಅಂಗಡಿಯ ಇಮಾಮಸಾಬರ ಫೋನು ಬಂತು. "ಮೇಡಮ್ಮಾರ, ಇಲ್ಲೊಬ್ಬರು ಮಾಸ್ತರು ಅರ್ಧ ಕಿಲೋ ಪೇಡೆ ತಗೊಂಡಾರ. ಬಿಲ್ಲಿನ್ಯಾಗ ಮೈನಸ್ ಅರ್ಧ ಕಿಲೋ ಬಂದೈತಿ. ಅದರ ಪ್ರಕಾರ ನಾನ ಅವರಿಗೆ ರೊಕ್ಕ ಕೊಡಬೇಕಂತ. ಕೌಂಟರ್ ಬಿಟ್ಟು ಸರಿವಲ್ರು."

ಬಸಣ್ಣನವರಿಗೆ ಇಷ್ಟೇ ಬೇಕಾಗಿತ್ತು. "ಒಬ್ಬೊಬ್ಬರಿಗೆ ಒಂದೊಂದು ನಕಲು ಮಾಡಿಕೊಡು ಅಂತ ನಾ ಹೇಳಿದ್ನಿಲ್ಲೇನವಾ? ಇವತ್ತ ಆ ಫೈಲ್ ಒಡದು ಎಲ್ಲಾರಿಗೂ ಬ್ಯಾರೆ ಬ್ಯಾರೆ ಮಾಡು."

"ಮಾಡೂದಿಲ್ರಿ."

"ಹಂಗಾರ ಕೆಲಸ ಬಿಡತಿ ಏನು?"

"ಬಿಟ್ಟೇನ್ರಿ. ಫೈಲ್ ಮಾತ್ರ ಒಡಿಯೂದಿಲ್ಲ."

ಇಷ್ಟು ಗಟ್ಟಿ ದನಿ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ. ಅದು ಇಳಿದುಹೋಗುವ ಮೊದಲೇ ಕೂತು ತಿದ್ದಿದೆ. ಇನ್ನು ಮೇಲೆ ಲೆಕ್ಕವನ್ನು ಕರೆಯುವ ಅಂಗಡಿಯೇ ತನ್ನ ಚೀಲದ ತೂಕ ಹೇಳಬೇಕು, ಹೇಳದಿದ್ದರೆ ಸೊನ್ನೆ. "ನೋಡ್ರಿ, ತಪ್ಪು ಒಂದ ಕಡೆ ಇತ್ತು, ಒಂದ ಕಡೆ ತಿದ್ದಿದೆ. ನಿಮ್ಮ ನಕಲಿನ್ಯಾಗಿದ್ರ ಊರೆಲ್ಲಾ ತಿರುಗಬೇಕಾಗಿತ್ತು."

ನಾನು ಸಿಡಿಗಳನ್ನು ಚೀಲಕ್ಕೆ ತುಂಬಿಕೊಳ್ಳುವುದನ್ನೇ ಬಸಣ್ಣನವರು ನೋಡುತ್ತಿದ್ದರು. ತಿದ್ದಿದ್ದು ಒಂದೇ ಕಡೆಯಾದರೂ ಅದನ್ನು ಅಂಗಡಿ ಅಂಗಡಿಗೂ ನಾನೇ ಒಯ್ದು ಹಾಕಬೇಕಿತ್ತು: ಮೊದಲು ಹಾವೇರಿ, ಅಲ್ಲಿಂದ ಬ್ಯಾಡಗಿ, ತಿರುಗಿ ಬಂದು ರಾಣೆಬೆನ್ನೂರಿನ ಪೇಟೆ ಪೂರ್ತಿ.

"ಮತ್ತ ಈಗ ಎಲ್ಲಿಗೆ ಹೊಂಟಿ?" ಎಂದರು.

"ಊಟಕ್ಕರಿ" ಎಂದು ಹೇಳಿ, ಹಾವೇರಿ ಬಸ್ಸು ಹತ್ತಿದೆ.