ವೆಬ್‌ಸೈಟಿಗೂ ಒಂದು ಸ್ಯಾಂಪಲ್ ಪೀಸು

ಸರ್ಕಾರಿ ವೆಬ್‌ಸೈಟಿನ ಬಗ್ಗೆ ಜನರ ಅಭಿಪ್ರಾಯ ಕೇಳಲು ಹೋದವನಿಗೆ ಅಭಿಪ್ರಾಯವೊಂದು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ನನಗೆ ಊಟ ಸಿಕ್ಕಿದೆ, ಇಬ್ಬರು ಹೆಣ್ಣುಮಕ್ಕಳ ಜಾತಕವೂ ಸಿಕ್ಕಿದೆ. ಆಗ ನಾನು ಗುತ್ತಿಗೆ ನೌಕರ. "ಈ ತಿಂಗಳೊಳಗೆ ಜನ ಸರ್ಕಾರಿ ಯೋಜನೆಗಳಿಗೆ ತಾವೇ ಅರ್ಜಿ ಹಾಕೋ ಹಾಗೆ ಸೈಟು ಸರಿಯಾಗಬೇಕು. ಇಲ್ಲದಿದ್ರೆ ಸೈಟೂ ಮುಚ್ಚುತ್ತೆ, ನಿನ್ನ ಕೆಲಸವೂ ಹೋಗುತ್ತೆ" ಎಂದಿದ್ದರು ನಮ್ಮ ಸಾಹೇಬರು. ತಾವು ಮಾತ್ರ ಆ ಸೈಟನ್ನು ಒಮ್ಮೆಯೂ ತೆರೆದವರಲ್ಲ.

ಎಲ್ಲರ ಮೆಚ್ಚುಗೆ

ಮೊದಲು ಮಡಕಶಿರಾ ಕಡೆ ರೊಳ್ಳ ಎಂಬ ಊರಿಗೆ ಹೋದೆ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿಯುವ ಹೆಣ್ಣುಮಕ್ಕಳು ಭಾನುವಾರ ಊರಿಗೆ ಬಂದಿದ್ದರು. ಅಭಿಪ್ರಾಯದ ಕಾಗದ ಕೊಟ್ಟೆ. ಎಲ್ಲರೂ 'ಬಹಳ ಚೆನ್ನಾಗಿದೆ' ಎಂಬಲ್ಲೇ ಗುರುತು ಹಾಕಿದರು. ನನಗೆ ಹಿಗ್ಗೋ ಹಿಗ್ಗು.

"ಸೈಟಲ್ಲಿ ಏನು ಇಷ್ಟ ಆಯ್ತಕ್ಕ?" ಎಂದು ಒಬ್ಬಾಕೆಯನ್ನು ಕೇಳಿದೆ.

"ನಾನ್ಯಾವಾಗ ನೋಡ್ದೆ ಕಣಪ್ಪ? ಚೆಂದಾಗಿಲ್ಲ ಅಂತ ಬರೆದ್ರೆ ರೇಷನ್ ಕಾರ್ಡು ಕಿತ್ಕೊಂಡ್ರೆ ಏನ್ ಮಾಡಾನ?"

ಈಗಿನ ವಿಳಾಸ

ಕಣೇಕಲ್ಲು ಕೆರೆ ಹತ್ತಿರ ಒಬ್ಬ ಕುರಿಗಾರ ಸಿಕ್ಕ. ಅವನ ಕುರಿ ವಿಮೆಯ ಅರ್ಜಿ ತುಂಬಿಸಲು ಕೂತೆ. ಸೈಟು ಈಗಿನ ವಿಳಾಸ ಕೇಳಿತು.

"ಇವತ್ತು ಈ ಹೊಲ ಅಂತ ಹಾಕ್ರಿ. ನಾಳಿಗೆ ಭೈರವಾನಿತಿಪ್ಪ ಡ್ಯಾಮ್ ಕಡಿ ಹೊಂಟೀನ್ರಿ."

ಏನು ಹಾಕುವುದೆಂದು ಯೋಚಿಸುವಷ್ಟರಲ್ಲಿ ಸೈಟು 'ಸಮಯ ಮುಗಿಯಿತು' ಎಂದು ಬರೆದದ್ದನ್ನೆಲ್ಲ ನುಂಗಿತು. ಮೂರು ಸಲ ಹೀಗೇ ಆಯಿತು. ಕುರಿಗಾರ ಎದ್ದು ಕಂಬಳಿ ಕೊಡವಿದ.

"ನಿಮ್ ಸೈಟಿಗಿಂತ ನಮ್ ಟಗರೇ ಹೇಳಿದ್ ಮಾತು ಕೇಳ್ತೈತಿ ಬಿಡ್ರಿ."

ತೊಟ್ಟು ನೋಡಿದ್ದು

ಇನ್ನು ಕೆಲಸ ಹೋದ ಹಾಗೇ ಎಂದುಕೊಂಡು ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಪರಿಚಯದ ಅಕ್ಕನ ಮನೆ ಕಟ್ಟೆಯ ಮೇಲೆ ಕೂತೆ. ನನ್ನ ಗೋಳು ಕೇಳಿ ಆಕೆ ಮಿಷನ್ ನಿಲ್ಲಿಸಿದಳು.

"ನಾವು ಸ್ಯಾಂಪಲ್ ಅಂತ ಮೊದ್ಲು ಒಂದ್ ಪ್ಯಾಂಟ್ ಹೊಲ್ದು, ಯಾರಿಗರ ತೊಡಿಸಿ, ಕುಂದ್ರಿಸಿ, ಎಬ್ಬಿಸಿ ನೋಡಿದ್ ಮ್ಯಾಲೇ ಉಳಿದ ಬಟ್ಟಿ ಕತ್ತರಿಸ್ತೀವ್ರಿ. ನಿಮ್ ಸಾಹೇಬ್ರು ಈ ಸೈಟನ್ನ ತೊಟ್ಟು ನೋಡ್ಯಾರೇನ್ರಿ?"

"ಇಲ್ಲಕ್ಕ."

"ಯಾಕ? ಮೊದ್ಲು ಅವರನ್ನ ಕುಂದ್ರಿಸ್ರಿ."

ಕಚೇರಿಗೆ ಹೋಗಿ ಸಾಹೇಬರನ್ನು ಸೈಟಿನ ಮುಂದೆ ಕುಂದ್ರಿಸಿದೆ. ಅದೇ ಕುರಿ ವಿಮೆಯ ಅರ್ಜಿ. ಹೆಸರು, ಮನೆ ವಿಳಾಸ ಸಾಹೇಬರದೇ, ಇಲ್ಲದ ಕುರಿಗಳನ್ನು ಸುಮ್ಮನೆ ನಲವತ್ತು ಎಂದು ಬರೆಸಿದೆ. ಎರಡು ಸಲ ಸೈಟು ಎಲ್ಲ ನುಂಗಿತು. ಸಿಟ್ಟಿನಿಂದ ಸಾಹೇಬರು 'ಅಭಿಪ್ರಾಯ ತಿಳಿಸಿ' ಒತ್ತಿದರೆ, ಮೊದಲು ಅರ್ಜಿ ಪೂರ್ತಿ ಮಾಡಿ ಎಂದಿತು. ಕೂತಲ್ಲಿಂದಲೇ ಅವರು ಸೈಟು ಮಾಡಿದವರಿಗೆ ಫೋನ್ ಹಚ್ಚಿದರು.

ವಾರದಲ್ಲಿ ಸಮಯದ ಕಾಟ ಹೋಯಿತು, ಬರೆದದ್ದು ಉಳಿಯತೊಡಗಿತು. ನಾನು ಹಟ ಹಿಡಿದು ವಿಳಾಸದ ಜಾಗದಲ್ಲಿ 'ಊರೂರು ತಿರುಗುವವರು' ಎಂಬ ಆಯ್ಕೆಯನ್ನೂ ಹಾಕಿಸಿದೆ. ಕುರಿಗಾರ ಹೊಲದಲ್ಲೇ ಕೂತು ಫೋನಿನಲ್ಲಿ ತಾನೇ ಅರ್ಜಿ ಹಾಕಿದ. ನನಗೆ ಹೋದ ಜೀವ ಬಂದಂತಾಯಿತು. ಸಾಹೇಬರೂ ಹುರುಪಿನಲ್ಲಿ ತಮ್ಮ ನಲವತ್ತು ಕುರಿಯ ಅರ್ಜಿಯನ್ನು ಮತ್ತೆ ತುಂಬಿ, 'ಸಲ್ಲಿಸಿ' ಎಂಬ ಕೊನೆಯ ಗುಂಡಿಯನ್ನೂ ಒತ್ತಿಬಿಟ್ಟರು.

ನಾಲ್ಕು ದಿನಕ್ಕೆ ಅವರ ಫೋನು ಬಂತು.

"ನಿನ್ನ ಕೆಲಸಕ್ಕೇನೂ ಭಯವಿಲ್ಲಪ್ಪ, ಸೈಟು ಬಹಳ ಚೆನ್ನಾಗಿ ಕೆಲಸ ಮಾಡ್ತಿದೆ. ಪಶು ಆಸ್ಪತ್ರೆಯವರು ನಲವತ್ತು ಕುರಿಗಳ ಕಿವಿಗೆ ವಿಮೆಯ ಬಿಲ್ಲೆ ಹಾಕೋಕೆ ನಮ್ಮನೆ ಬಾಗಿಲಲ್ಲಿ ನಿಂತಿದ್ದಾರೆ. ನನ್ನ ಹತ್ರ ಕುರಿ ಎಲ್ಲಿವೆ? ಆ ಕುರಿಗಾರ ಎಲ್ಲಿದ್ದಾನೆ ಬೇಗ ನೋಡು."

ಸೈಟು ತೆರೆದು ಅವನ ವಿಳಾಸ ನೋಡಿದೆ. 'ಊರೂರು ತಿರುಗುವವರು' ಎಂದಿತ್ತು.