ಸಾವಿರ ಫೋಟೊಗಳಲ್ಲಿ ಎಲ್ಲೂ ಇಲ್ಲದ ಮಾವ

ನಮ್ಮ ಸೋದರಮಾವ ಇಥಿಯೋಪಿಯಾಕ್ಕೆ ಹೋಗಿ ಬಂದಿದ್ದಾರೆ ಎನ್ನುವುದಕ್ಕೆ ಈ ಭೂಮಿಯ ಮೇಲೆ ಎರಡೇ ಸಾಕ್ಷಿಗಳು. ಒಂದು ಪಾಸ್‌ಪೋರ್ಟಿನ ಮುದ್ರೆ, ಇನ್ನೊಂದು ಸ್ವತಃ ಮಾವ. ಮೊದಲನೆಯದನ್ನು ಅತ್ತೆ ರೇಷ್ಮೆ ಸೀರೆಯ ಮಡಿಕೆಯಲ್ಲಿಟ್ಟು ಬೀರುವಿಗೆ ಬೀಗ ಹಾಕಿದ್ದಾರೆ. ಎರಡನೆಯದಕ್ಕೆ ಬೀಗ ಹಾಕಲು ಈವರೆಗೆ ಯಾರಿಂದಲೂ ಆಗಿಲ್ಲ!

‘ಹಾಗಾದರೆ ಫೋಟೊ?’ ಎನ್ನುತ್ತೀರಿ. ಫೋಟೊ ಇವೆ ಸ್ವಾಮಿ, ಸಾವಿರದ ಮೇಲಿವೆ. ತೊಂದರೆ ಇರುವುದೇ ಅಲ್ಲಿ.

ಮಾವ ಹೊಸೂರಿನ ಹತ್ತಿರದ ಉದ್ದನಪಲ್ಲಿಯವರು. ಗುಲಾಬಿಗೆ ಕಣ್ಣು ಕಟ್ಟುವುದು ಅವರ ಕಸುಬು. ಕಾಡುಗುಲಾಬಿಯ ಕಾಂಡದ ಸಿಪ್ಪೆ ಸೀಳಿ, ಒಳ್ಳೆಯ ಜಾತಿಯ ಗಿಡದಿಂದ ತೆಗೆದ ಒಂದು ಕಣ್ಣನ್ನು ಅದರೊಳಗೆ ಕೂರಿಸಿ, ಪಟ್ಟಿ ಸುತ್ತಿ ಬಿಡಬೇಕು. ಹದಿನೈದು ಇಪ್ಪತ್ತು ದಿನದಲ್ಲಿ ಅದು ಚಿಗುರುತ್ತದೆ. ಮಾವ ಕಟ್ಟಿದರೆ ಚಿಗುರುತ್ತದೆ ಎಂದು ತಿದ್ದಿಕೊಳ್ಳಿ. ನಾನೂ ಒಮ್ಮೆ ಕಟ್ಟಿ ನೋಡಿದ್ದೇನೆ. ಗಿಡ ಬದುಕಲಿಲ್ಲ, ನನ್ನ ಹೆಬ್ಬೆರಳು ಹೇಗೋ ಬದುಕಿತು.

ಮಾವ ಕೆಲಸ ಮಾಡುತ್ತಿದ್ದ, ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನ ಮಾಲೀಕರು ಇಥಿಯೋಪಿಯಾದಲ್ಲೊಂದು ಗುಲಾಬಿ ತೋಟ ಶುರುಮಾಡಿದಾಗ, ಅಲ್ಲಿನವರಿಗೆ ಕಣ್ಣು ಕಟ್ಟುವುದನ್ನು ಕಲಿಸಲು ಆರು ತಿಂಗಳ ಮಟ್ಟಿಗೆ ಇವರನ್ನು ಕಳಿಸಿದರು. ಅಲ್ಲಿಯವರೆಗೆ ಮಾವ ಕಂಡಿದ್ದ ಅತಿ ದೂರದ ಊರು ತಿರುಪತಿ. ಊರಿನವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಹೋಗುವುದಾದರೆ ದುಬೈಗೆ ಹೋಗಬೇಕು, ಸಿಂಗಾಪುರಕ್ಕೆ ಹೋಗಬೇಕು. ಇಥಿಯೋಪಿಯಾಕ್ಕೆ ಯಾರಾದರೂ ಹೋಗುತ್ತಾರೆಯೇ?

“ಗುಲಾಬಿ ಇರೋ ಕಡೆ ಹೋಯ್ತೀನಿ ಕಣ್ಲಾ. ದುಬೈಗೋಗಿ ಏನ್ ಮಾಡ್ಲಿ, ಮರಳಿಗೆ ಕಣ್ಣು ಕಟ್ಲಾ?” ಎಂದು ಕೇಳಿದ ಮಾವ ವಿಮಾನ ಹತ್ತಿಯೇಬಿಟ್ಟರು.

ನನ್ನ ಬಗ್ಗೆಯೂ ಒಂದು ಮಾತು. ನಾನು ಮೂಕಂಡಪಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೇನೆ. ಅದು ಹೊಟ್ಟೆಪಾಡು, ಅಣಕು ಮಾಡುವುದೇ ನನ್ನ ನಿಜವಾದ ಉದ್ಯೋಗ. ನಮ್ಮ ಸೂಪರ್‌ವೈಸರು, ಬಸ್ಸಿನ ಕಂಡಕ್ಟರು, ಪೂಜಾರಪ್ಪ, ಪಕ್ಕದ ಮನೆಯ ಮೇಕೆ, ಯಾರನ್ನೂ ಬಿಟ್ಟವನಲ್ಲ. ಎಷ್ಟರಮಟ್ಟಿಗೆ ಎಂದರೆ, ನಾನು ಅಪ್ಪಿತಪ್ಪಿ ನನ್ನ ದನಿಯಲ್ಲೇ ಮಾತಾಡಿದರೆ ನಮ್ಮವ್ವ “ಇದ್ಯಾರ್ದ್ಲಾ ಹೊಸಾದು?” ಎಂದು ಕೇಳುತ್ತಾಳೆ. ಇಂಥವನಿಗೆ ವಿದೇಶದಿಂದ ಬಂದ ಮಾವ ಸಿಕ್ಕರೆ ಬಿಡುವುದುಂಟೇ?

ಮಾವ ಬಂದರು, ಅವರ ಕೈಗಡಿಯಾರ ಬರಲಿಲ್ಲ. ಅಂದರೆ ಕೈಯಲ್ಲೇ ಇತ್ತು, ಆದರೆ ಅದರ ಮುಳ್ಳುಗಳು ಆ ದೇಶದ ಲೆಕ್ಕವನ್ನು ಬಿಡಲೊಲ್ಲವು. ಅಲ್ಲಿ ಸೂರ್ಯ ಹುಟ್ಟಿದ ಮೇಲೆ ಗಂಟೆ ಎಣಿಸಲು ಶುರುಮಾಡುತ್ತಾರಂತೆ. ನಮ್ಮ ಬೆಳಗಿನ ಏಳು ಎಂದರೆ ಅವರಿಗೆ ಒಂದು ಗಂಟೆ. ಮಾವ ಉದ್ದನಪಲ್ಲಿಯ ಸೂರ್ಯನಿಗೂ ಅದೇ ಲೆಕ್ಕ ಅಂಟಿಸಿದರು. ‘ನಾಳೆ ಒಂದು ಗಂಟೆಗೆ ಬಾ’ ಎಂದು ಟ್ರ್ಯಾಕ್ಟರಿನವನಿಗೆ ಹೇಳಿ, ತಾವು ಬೆಳಗ್ಗೆ ಏಳಕ್ಕೇ ಹೊಲದಲ್ಲಿ ನಿಂತರು. ಅವನು ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಬಂದ.

“ಏನಣ್ಣಾ ಇದು! ಒಂದ್ ಗಂಟೆ ಅಂದ್ರಿ, ಒಂದ್ ಗಂಟೆಗೇ ಬಂದಿವ್ನಿ, ಮತ್ಯಾಕೆ ಬಯ್ತೀರಾ?”

“ಸೂರ್ಯ ಹುಟ್ಟಿ ಎಷ್ಟೊತ್ತಾದ್ರೆ ಅಷ್ಟು ಗಂಟೆ ಕಣ್ಲಾ. ಹುಟ್ಟಿದ ಒಂದ್ ಗಂಟೇಗೇ ಏಳು ಅನ್ನೋಕೆ ನಿಂಗೇನ್ ಅವಸರ?”

ಪಾಪ, ಅವನು ಇವತ್ತಿಗೂ ಇದಕ್ಕೆ ಉತ್ತರ ಹುಡುಕುತ್ತಿದ್ದಾನೆ. ನಾನೂ ಹುಡುಕಿದ್ದೇನೆ. ನಿಮಗೆ ಸಿಕ್ಕರೆ ತಿಳಿಸಿ!

ಆ ದೇಶದ ವರ್ಷಕ್ಕೆ ಹದಿಮೂರು ತಿಂಗಳು. ಇಸವಿಯಂತೂ ನಮಗಿಂತ ಏಳೆಂಟು ವರ್ಷ ಹಿಂದೆ. “ಅಲ್ಲಿ ಇಳಿದ ದಿನಾನೇ ನಂಗೆ ಏಳು ವರ್ಷ ವಯಸ್ಸು ಕಮ್ಮಿ ಆಗೋಯ್ತು” ಎಂದು ಮಾವ ಮೀಸೆ ತಿರುವಿದರೆ, ಒಳಗಿನಿಂದ ಅತ್ತೆ, “ಬುದ್ಧೀನೂ ಅದ್ರ ಜೊತೇಗೇ ಕಮ್ಮಿ ಆಗೈತೆ” ಎಂದು ಲೆಕ್ಕ ಸರಿಮಾಡುತ್ತಿದ್ದರು.

ಇನ್ನು ಊಟದ ವಿಷಯ. ಅಲ್ಲಿ ಎಲ್ಲರೂ ಒಂದೇ ದೊಡ್ಡ ತಟ್ಟೆಯ ಸುತ್ತ ಕೂರುತ್ತಾರಂತೆ. ಕಂಬಳಿಯಷ್ಟಗಲದ ಹುಳಿದೋಸೆ, ಅದರ ಮೇಲೆ ಹತ್ತು ಥರದ ಗೊಜ್ಜು. ಅತಿಥಿಗೆ ಮನೆಯವರು ತಮ್ಮ ಕೈಯಿಂದಲೇ ತುತ್ತು ಮಾಡಿ ಬಾಯಿಗಿಡುತ್ತಾರೆ. ತುತ್ತು ದೊಡ್ಡದಾದಷ್ಟೂ ಪ್ರೀತಿ ದೊಡ್ಡದು. ಮಾವನಿಗೆ ಈ ಪದ್ಧತಿ ಬಹಳ ಹಿಡಿಸಿತ್ತು. ಗೊಬ್ಬರದ ಅಂಗಡಿಯವರು ಮಗಳ ಮದುವೆಗೆ ಕರೆಯಲು ಬಂದಾಗ ಮಾವ ಉಣ್ಣುತ್ತಿದ್ದರು. “ಬನ್ನಿ, ಬನ್ನಿ” ಎಂದು ಪಕ್ಕದಲ್ಲಿ ಕೂರಿಸಿಕೊಂಡವರೇ, ಸಾರಿನಲ್ಲಿ ಅದ್ದಿದ ಅರ್ಧ ಮುದ್ದೆಯನ್ನು ಅವರ ಬಾಯಿಗೆ ಇಟ್ಟೇಬಿಟ್ಟರು! ಅವರ ಕಣ್ಣು ಹೊರಬಂತು, ಮಾತು ಒಳಗೇ ಉಳಿಯಿತು. ತಲೆಯಾಡಿಸುತ್ತಾ ಎದ್ದು ಹೋದರು. ಮದುವೆ ಯಾವತ್ತು, ಎಲ್ಲಿ ಎಂಬುದನ್ನು ನಾವು ಆಮೇಲೆ ಬೇರೆಯವರಿಂದ ತಿಳಿದುಕೊಳ್ಳಬೇಕಾಯಿತು.

ಸರಿ, ಫೋಟೊಗಳಿಗೆ ಬರೋಣ. ವಿದೇಶಕ್ಕೆ ಹೋದವರು ಯಾವುದರ ಫೋಟೊ ತೆಗೆಯುತ್ತಾರೆ? ಕಟ್ಟಡ, ಕಾರು, ಕರಿ ಕನ್ನಡಕ ಹಾಕಿಕೊಂಡ ತಮ್ಮದೇ ಮುಖ. ನಮ್ಮ ಮಾವ ತೆಗೆದದ್ದು ಮಣ್ಣು! ಕೆಂಪು ಮಣ್ಣು, ಕಪ್ಪು ಮಣ್ಣು, ಅಂಗೈಯಲ್ಲಿ ಹಿಡಿದ ಮಣ್ಣು. ಆಮೇಲೆ ಎತ್ತುಗಳ ಭುಜ, ನೇಗಿಲಿನ ಕುಳ, ಹೊಲದ ಬದು, ಕಣ್ಣು ಕಟ್ಟಿದ ಗಿಡಗಳ ಗಂಟುಗಳೇ ಮುನ್ನೂರು. ಮತ್ತೆ ರಾಗಿ. ಹೌದು, ರಾಗಿ! ಅಲ್ಲಿ ಅದಕ್ಕೆ ದಾಗುಸ ಎನ್ನುತ್ತಾರಂತೆ. “ರಾಗಿ ಮೊದ್ಲು ಹುಟ್ಟಿದ್ದೇ ಅಲ್ಲಿ ಅಂತ ನಮ್ಮ ತೋಟದ ಆಫೀಸರು ಹೇಳಿದ್ರು. ನಮ್ಮ ಮುದ್ದೆಗೆ ತವರುಮನೆ ಕಣ್ಲಾ ಅದು!” ಎಂದು ಮಾವ ಎದೆಯುಬ್ಬಿಸುತ್ತಿದ್ದರು.

ಹೊಸೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಯಾರೇ ಕೂರಲಿ, ಮಾವನ ಫೋನು ಹೊರಬರುತ್ತಿತ್ತು. “ಈ ಮಣ್ಣು ನೋಡ್ರಿ, ಹೆಂಗೈತೆ?” ಎರಡು ಸ್ಟಾಪು ಮೊದಲೇ ಇಳಿದು ನಡೆದು ಹೋದವರನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಇವುಗಳಲ್ಲಿ ಒಂದರಲ್ಲಾದರೂ ಮಾವ ಇದ್ದರೇ? ಇಲ್ಲ. ಒಂದು ಕಿವಿ, ಒಂದು ಮೊಣಕೈ, ಊಹೂಂ, ಏನೂ ಇಲ್ಲ!

“ಅದೇನ್ ಮಾವ, ನಿಮ್ಮ ಫೋಟೊ ಒಂದೂ ಇಲ್ವಲ್ಲ?” ಎಂದರೆ, “ನನ್ ಮುಖ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಅದು ಇಲ್ಲೇ ಕನ್ನಡೀಲೈತಲ್ಲ, ಹ್ಞಾಂ?” ಎನ್ನುತ್ತಿದ್ದರು. ಆಗಾಗ ಮಾತಿನ ಕೊನೆಗೆ ಮೂಗಿನಲ್ಲಿ ಈ ಹ್ಞಾಂ ಎಳೆಯುವುದು ಮಾವನ ಅಭ್ಯಾಸ.

ಇಲ್ಲಿಂದ ಮುಂದೆ ತಪ್ಪು ನನ್ನದು. ಆ ಫೋಟೊಗಳನ್ನು ನೋಡಿದವರಿಗೆಲ್ಲ ಬರುತ್ತಿದ್ದ ಅನುಮಾನ ಒಂದೇ: ಬಂಡೆ, ರಾಗಿ ಹೊಲ, ಎತ್ತು, ಕೆಂಪು ಮಣ್ಣು, ಇದು ನಮ್ಮ ಕಡೆಯಂತೆಯೇ ಇದೆಯಲ್ಲ? ಟೀ ಅಂಗಡಿಯಲ್ಲಿ ಒಂದು ದಿನ ನಾನು ಟವೆಲ್ಲನ್ನು ತಲೆಗೆ ಸುತ್ತಿ, ಮಾವನ ದನಿ ತೆಗೆದು, “ನೋಡ್ರಪ್ಪಾ, ಇದು ಇಥಿಯೋಪಿಯಾ. ಇಲ್ಲೇ ನಮ್ ಡೆಂಕಣಿಕೋಟೆ ದಾಟಿ ಎಡಕ್ಕೆ ತಿರುಗಿದ್ರೆ ಬತ್ತೈತೆ, ಹ್ಞಾಂ?” ಎಂದೆ. ಜನ ಬಿದ್ದು ಬಿದ್ದು ನಕ್ಕರು. ಟೀ ಬಿಟ್ಟಿ ಸಿಕ್ಕಿತು. ನನಗಿಂತ ಸುಖಿ ಯಾರು?

ನಗೆಮಾತಿಗೆ ಬಸ್ಸಿನ ಟಿಕೆಟ್ಟು ಬೇಕೇ? ಅದು ತಾನಾಗಿಯೇ ರಾಯಕೋಟೆಗೆ ಹೋಯಿತು. ರಾಯಕೋಟೆ ಅತ್ತೆಯ ತವರು. ಅವರ ಅಣ್ಣ ಅಲ್ಲಿ ಟೊಮೆಟೊ ಮಂಡಿಯ ಯಜಮಾನರು. ದನಿ ಎತ್ತಿದರೆ ಕೃಷ್ಣಗಿರಿಗೆ ಕೇಳಬೇಕು. ಅತ್ತೆ ಒಂದು ಸಲ ತವರಿಗೆ ಹೋದಾಗ, ಅವರ ಅತ್ತಿಗೆ ಎಲ್ಲರ ಮುಂದೆ, “ನಿಮ್ಮನೇವ್ರು ಆರು ತಿಂಗ್ಳೂ ಡೆಂಕಣಿಕೋಟೇಲೇ ಇದ್ರಂತಲ್ಲಮ್ಮ” ಎಂದರಂತೆ. ಅತ್ತೆ ಮನೆಗೆ ಬಂದು ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮಾತು ಶುರುವಾದ ಮೇಲೂ ಒಂದೇ ಮಾತು.

“ಅಣ್ಣನ ಹೊಸ ಮನೆ ಗೃಹಪ್ರವೇಶಕ್ಕೆ ಹೋಗ್ಬೇಕು. ಪಾಸ್‌ಪೋರ್ಟಿನ ಮುದ್ರೆ ಅವ್ರಿಗೆ ಓದಾಕ್ ಬರಾಕಿಲ್ಲ, ಎಲ್ರ ಮುಂದೆ ನೀವಿರೋ ಫೋಟೊ ಒಂದನ್ನಾದ್ರೂ ತೋರಿಸ್ಬೇಕು. ಇಲ್ಲಾಂದ್ರೆ ನಾನು ಇನ್ಮೇಲೆ ಆ ಹೊಸ್ಲು ತುಳಿಯಾಕಿಲ್ಲ.”

ಮಾವ ಮಣ್ಣಿನ ಫೋಟೊ ನೋಡುತ್ತಾ ಕೂತರು. ಡೆಂಕಣಿಕೋಟೆಯ ಮಾತು ಹುಟ್ಟಿದ್ದು ಎಲ್ಲಿ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಆ ದಿನ ನಾನು ಮೇಕೆಯ ದನಿಯನ್ನೂ ತೆಗೆಯಲಿಲ್ಲವೆಂದರೆ ನೀವೇ ಊಹಿಸಿ.

ಗೃಹಪ್ರವೇಶದ ಊಟ ಮುಗಿಯಿತು. ಎಲೆ ಅಡಿಕೆ ಹಾಕಿಕೊಂಡು ನೆಂಟರೆಲ್ಲ ನಡುಮನೆಯ ಜಮಖಾನದ ಮೇಲೆ ಕೂತರು. ಗೋಡೆಯಲ್ಲಿ ಬಾಗಿಲಷ್ಟು ದೊಡ್ಡ ಟಿವಿ. ಮಾವನ ಫೋನನ್ನು ಅದಕ್ಕೆ ಜೋಡಿಸಿ ಫೋಟೊ ಸರಿಸುವ ಕೆಲಸ ನನ್ನದು. ಮಾವ ಎದ್ದು ನಿಂತರು.

“ಇದು ಅಲ್ಲಿನ ಮಣ್ಣು.”

“ನಮ್ಮೂರ ಕೆರೆ ಮಣ್ಣು ಅಂತ ಕಾಣ್ತದೆ” ಎಂದರು ಮಂಡಿ ಯಜಮಾನರು. ನಗು.

“ಇದು ರಾಗಿ.”

“ನಮ್ ತಂಗಿ ಮನೇಲಿ ರಾಗಿ ನೋಡಿಲ್ವಾ ಭಾವ ನೀವು?” ಮತ್ತೆ ನಗು. “ಅದ್ಸರಿ, ಆ ದೇಶ್ದಾಗೆ ತಿನ್ನೋಕಾದ್ರೂ ಏನಾರ ಸಿಕ್ತದಾ? ಬರಗಾಲದ ದೇಶ ಅಂತಾರೆ?”

ಮಾವನ ಮುಖ ಕೆಂಪಾಯಿತು. ತಮ್ಮನ್ನು ಗೇಲಿ ಮಾಡಿದರೆ ಸುಮ್ಮನಿರುತ್ತಾರೆ, ಆ ದೇಶವನ್ನು ಆಡಿಕೊಂಡರೆ ಮಾತ್ರ ಸುಮ್ಮನಿರುವವರಲ್ಲ. “ಭಾವ, ಅಲ್ಲಿ ಮನೆಗೆ ಹೋದ್ರೆ ಕಾಫಿ ಬೀಜಾನ ನಮ್ ಕಣ್ಮುಂದೇನೇ ಹುರೀತಾರೆ. ಆ ಹೊಗೇನ ಒಬ್ಬೊಬ್ರ ಮುಂದೇನೂ ತಂದು ಮೂಗಿಗೆ ಹಿಡೀತಾರೆ. ಮೂರು ಸುತ್ತು ಕುಡಿಸ್ದೆ ಎದ್ದೇಳೋಕ್ ಬಿಡಾಕಿಲ್ಲ. ಯಾರು, ಏನು, ಯಾವ ಊರು ಅಂತ ಒಂದ್ ಮಾತು ಕೇಳಾಕಿಲ್ಲ. ಮಂಡೀಲಿ ನೀವು ಯಾರ್ಗಾದ್ರೂ ಹಂಗೆ ಕಾಫಿ ಕುಡ್ಸಿದ್ದೀರಾ?”

“ಕುಡಿಸ್ತೀನಿ ಬಿಡಿ. ಮೊದ್ಲು ನೀವಿರೋ ಫೋಟೊ ತೋರ್ಸಿ” ಎಂದರು ಅವರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮಾವ ಅತ್ತ ನೋಡಲಿಲ್ಲ.

ನಾನು ಫೋಟೊಗಳನ್ನು ಬಿಟ್ಟು, ಬೇರೆಯವರು ಕಳಿಸಿದ ವಿಡಿಯೊಗಳು ಸೇರುವ ಜಾಗವನ್ನು ತೆರೆದೆ. ಒಂದೇ ಒಂದು ಇತ್ತು.

“ಲೇ, ಅದ್ ಬ್ಯಾಡ ಕಣ್ಲಾ!” ಮಾವ ಹಾರಿ ಬಂದರು.

ಬೇಡ ಎಂದದ್ದನ್ನು ನಾನು ಬಿಟ್ಟದ್ದುಂಟೇ? ಒತ್ತಿದೆ.

ಉದ್ದನೆಯ ಪಾಲಿಹೌಸು. ಮೂವತ್ತು ಜನ ಹೆಂಗಸರು, ತಲೆಗೆ ಬಣ್ಣಬಣ್ಣದ ವಸ್ತ್ರ, ಕೈಯಲ್ಲಿ ಕಸಿಚಾಕು. ಎದುರಿಗೆ ನಿಂತ ಒಬ್ಬಾಕೆ ಸೊಂಟದ ಮೇಲೆ ಕೈಯಿಟ್ಟು, ಕತ್ತು ಒಂದು ಕಡೆಗೆ ವಾಲಿಸಿ, ಅಚ್ಚ ಉದ್ದನಪಲ್ಲಿಯ ಕನ್ನಡದಲ್ಲಿ ಕೂಗಿದಳು: “ನಿಧಾನ ಕಣಮ್ಮಾ! ಕಣ್ಣು ನೋಯ್ಬಾರ್ದು! ಬಿಗ್ಯಾಗಿ ಕಟ್ಟು, ಹ್ಞಾಂ?”

ಮೂವತ್ತು ದನಿಗಳು ಒಟ್ಟಿಗೆ: “ಹ್ಞಾಂ!”

ಇಂಗ್ಲಿಷ್ ಬಾರದ, ಅವರ ಭಾಷೆಯೂ ಬಾರದ ಮಾವ ಆರು ತಿಂಗಳು ಹೇಗೆ ಪಾಠ ಹೇಳಿದರೆಂದು ನಮ್ಮಲ್ಲಿ ಒಬ್ಬರಾದರೂ ಕೇಳಿದ್ದೆವೇ? ತಮಗೆ ಬಂದ ಭಾಷೆಯಲ್ಲೇ ಹೇಳಿದ್ದರು. ಅವರೂ ಅದರಲ್ಲೇ ಕಲಿತಿದ್ದರು. ಇನ್ನು ಆ ಹೆಂಗಸಿನ ಅಣಕು! ಹುಟ್ಟಿದಾಗಿನಿಂದ ಮಾವನನ್ನು ನೋಡಿದ ನನಗೆ ಆ ಕತ್ತಿನ ವಾಲು ಒಂದು ದಿನವೂ ಸಿಕ್ಕಿಲ್ಲ. ನಾನು ನಗಿಸಲು ಮಾಡುತ್ತಿದ್ದೆ. ಅವಳು ಮಾಡುವಾಗ ಆ ದನಿಯಲ್ಲಿ ಮರ್ಯಾದೆಯಿತ್ತು.

ಕ್ಯಾಮೆರಾ ಪಕ್ಕಕ್ಕೆ ತಿರುಗಿತು. ತಲೆಕೆಳಗಾದ ಒಂದು ಪೆಟ್ಟಿಗೆಯ ಮೇಲೆ, ಅಂಚಿರುವ ಬಿಳಿ ಶಾಲು ಹೊದ್ದು, ಗುಲಾಬಿಗಳ ನಡುವೆ ಕೂತವರು ನಮ್ಮ ಮಾವ! ಮಗುವಿನಂತೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ವಿಡಿಯೊ ಮುಗಿಯಿತು.

“ಬರೋ ಹಿಂದಿನ ದಿನ ಮಾಡಿದ್ದು. ಆ ಶಾಲೂ ಅವ್ರೇ ಹೊದಿಸಿದ್ದು. ಅಳ್ತಾ ಇದ್ದೀನಲ್ಲ, ಅದ್ಕೇ ತೋರಿಸ್ಲಿಲ್ಲ” ಎಂದರು ಮಾವ, ನೆಲ ನೋಡುತ್ತಾ.

ನಾನು ಎದ್ದು ನಿಂತೆ. ಯಾರ ದನಿಯೂ ಬಾಯಿಗೆ ಬರಲಿಲ್ಲ. ನನ್ನದೇ ಬಂತು. “ಡೆಂಕಣಿಕೋಟೆ ಅಂತ ಮೊದ್ಲು ಅಂದೋನು ನಾನೇ. ತಪ್ಪಾಯ್ತು ಮಾವ. ತಪ್ಪಾಯ್ತು ಅತ್ತೆ.”

ಮಂಡಿ ಯಜಮಾನರು ಜಮಖಾನದ ಮೇಲೆ ಸರಿದು ಜಾಗ ಮಾಡಿದರು. ಆಮೇಲೆ ಹತ್ತಿರದವರಿಗಷ್ಟೇ ಕೇಳುವಷ್ಟು ಮೆಲ್ಲಗೆ, “ಭಾವ, ಕೂತ್ಕಳಿ” ಎಂದರು.

ಅತ್ತೆ ಅಣ್ಣನ ಎದುರು ಗಂಡನ ಪಕ್ಕ ಕೂತವರಲ್ಲ. ಮದುವೆಯಾದಾಗಿನಿಂದ ತವರಿನಲ್ಲಿ ಒಂದು ಸಲವೂ ಇಲ್ಲ. ಈಗ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಡುಮನೆ ದಾಟಿ ಬಂದು, ಜಮಖಾನದ ಮೇಲೆ ಮಾವನಿಗೆ ಒತ್ತಿಕೊಂಡಂತೆ ಕೂತರು. ನನ್ನ ಕಡೆ ನೋಡದೆಯೇ, “ಮೊದ್ಲಿಂದ ಹಾಕು. ಆ ಹೆಣ್ಮಕ್ಕಳ ಮುಖ ಸರ್ಯಾಗಿ ನೋಡ್ಬೇಕು” ಎಂದರು.

ಮತ್ತೆ ಹಾಕಿದೆ. ಪೆಟ್ಟಿಗೆಯ ಮೇಲೆ ಕೂತ ಮಾವ ಕಂಡಾಗ ಅತ್ತೆ ಮೆಲ್ಲಗೆ ಕೇಳಿದರು.

“ಆ ಶಾಲು ಎಲ್ಲೈತೆ?”

“ಟ್ರಂಕಿನ ತಳದಾಗೆ.”

“ಇಷ್ಟು ದಿನ ಯಾಕ್ ತೆಗೀಲಿಲ್ಲ?”

“ಹೊದ್ದರೆ ಅಳು ಬತ್ತೈತೆ.”

“ಬರ್ಲಿ ಬಿಡಿ” ಎಂದರು ಅತ್ತೆ, ಟಿವಿಯಿಂದ ಕಣ್ಣು ತೆಗೆಯದೆ. “ನಾನು ಪಕ್ಕದಾಗೆ ಕೂತಿರ್ತೀನಿ.”